ಮಹಾತ್ಮ ಗಾಂಧಿಯವರ ಆರೋಗ್ಯ ಜೀವನ

ಮೋಹನದಾಸ ಕರಮಚಂದ ಗಾಂಧಿ (ಅಕ್ಟೋಬರ್ 2, 1869 – ಜನವರಿ 30, 1948) ಭಾರತದ ಸ್ವಾತಂತ್ರ್ಯ ಹೋರಾಟದ ನಾಯಕರೆಂದು ಜಗತ್ತಿಗೆ ಪರಿಚಿತರು. ಅವರ ಬದುಕಿಗೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಮುಖವೂ ಇದೆ. ಅತಿಯಾದ ಕೆಲಸ, ನಿರಂತರ ಪ್ರವಾಸ ಮತ್ತು ಮಾನಸಿಕ ಒತ್ತಡಗಳಿಂದ ಅವರ ಶರೀರ ಹಲವು ಬಾರಿ ಕುಸಿದುಬಿದ್ದಿತು. ಪ್ರತಿ ಬಾರಿಯೂ ಅವರು ವಿಶ್ರಾಂತಿ, ಮಿತಾಹಾರ, ನಡಿಗೆ, ಮಣ್ಣು ಮತ್ತು ನೀರಿನ ಉಪಚಾರ, ಮೌನ ಹಾಗೂ ಕ್ರಮಬದ್ಧ ದಿನಚರಿಗಳ ನೆರವಿನಿಂದ ಚೇತರಿಸಿಕೊಳ್ಳಲು ಪ್ರಯತ್ನಿಸಿದರು. ಈ ಅನುಭವಗಳೇ ಆರೋಗ್ಯವನ್ನು ಕುರಿತ ಅವರ ಬರಹಗಳಿಗೂ ಭಾರತದಲ್ಲಿ ಪ್ರಕೃತಿ ಚಿಕಿತ್ಸೆಯ ಪ್ರಸಾರಕ್ಕೂ ಕಾರಣವಾದವು. 1927ರ ಬೇಸಿಗೆಯಲ್ಲಿ ಅವರು ಚೇತರಿಸಿಕೊಂಡದ್ದು ಕರ್ನಾಟಕದ ನಂದಿ ಬೆಟ್ಟದಲ್ಲಿ.

ಬಾಲ್ಯ ಮತ್ತು ಲಂಡನ್ನಿನ ದಿನಗಳು

ಗಾಂಧಿಯವರು ಗುಜರಾತಿನ ಪೋರಬಂದರಿನಲ್ಲಿ ಜನಿಸಿದರು. ಶಾಲೆಯಲ್ಲಿ ಅವರು ಸಂಕೋಚ ಸ್ವಭಾವದ ಹುಡುಗ. ವ್ಯಾಯಾಮ ಮತ್ತು ಕ್ರಿಕೆಟ್ ತರಗತಿಗಳೆಂದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಶಾಲೆ ಮುಗಿದ ಕೂಡಲೇ ಮನೆಗೆ ಹೋಗಿ ಅಸ್ವಸ್ಥರಾಗಿದ್ದ ತಂದೆಯ ಶುಶ್ರೂಷೆ ಮಾಡುವುದು ಅವರ ಇಷ್ಟದ ಕೆಲಸವಾಗಿತ್ತು. ಆದರೆ ಬಯಲು ಗಾಳಿಯಲ್ಲಿ ದೂರ ನಡೆಯುವುದರಿಂದ ಆಗುವ ಲಾಭವನ್ನು ಕುರಿತು ಪುಸ್ತಕಗಳಲ್ಲಿ ಓದಿ, ನಡಿಗೆಯನ್ನು ರೂಢಿಸಿಕೊಂಡರು. ಈ ಅಭ್ಯಾಸ ಅವರ ಜೀವನದ ಕೊನೆಯವರೆಗೂ ಉಳಿಯಿತು.

1888ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಅವರು ಲಂಡನ್ನಿಗೆ ತೆರಳಿದರು. ಮಾಂಸ ಸೇವಿಸುವುದಿಲ್ಲವೆಂದು ತಾಯಿಗೆ ಕೊಟ್ಟಿದ್ದ ವಚನದಿಂದಾಗಿ ಮೊದಲ ದಿನಗಳಲ್ಲಿ ಅರೆಹೊಟ್ಟೆಯಲ್ಲಿ ಇರಬೇಕಾಯಿತು. ಊರೆಲ್ಲ ಸುತ್ತಿ ಹುಡುಕುತ್ತಿದ್ದಾಗ ಫಾರಿಂಗ್ಡನ್ ರಸ್ತೆಯಲ್ಲಿ ಒಂದು ಸಸ್ಯಾಹಾರಿ ಭೋಜನಾಲಯ ಕಣ್ಣಿಗೆ ಬಿದ್ದಿತು. ಅಲ್ಲಿ ಕೊಂಡ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಓದಿದ ಬಳಿಕ ಅವರು ವಚನಕ್ಕಾಗಿ ಮಾತ್ರವಲ್ಲದೆ ವಿಚಾರಪೂರ್ವಕವಾಗಿಯೂ ಸಸ್ಯಾಹಾರಿಯಾದರು. ಖರ್ಚನ್ನು ಕಡಿಮೆ ಮಾಡಲು ಚಿಕ್ಕ ಕೋಣೆಗೆ ಬಂದು, ಬೆಳಗಿನ ಓಟ್ಸ್ ಗಂಜಿಯನ್ನು ತಾವೇ ಬೇಯಿಸಿಕೊಳ್ಳತೊಡಗಿದರು. ಊರಿನಿಂದ ತರಿಸುತ್ತಿದ್ದ ಸಿಹಿತಿಂಡಿ ಮತ್ತು ಮಸಾಲೆಗಳನ್ನು ಬಿಟ್ಟರು. ಬಂಡಿಯ ಬಾಡಿಗೆ ಉಳಿಸುವ ಸಲುವಾಗಿ ದಿನಕ್ಕೆ ಎಂಟು ಹತ್ತು ಮೈಲಿ ನಡೆದರು. ಆ ಚಳಿ ದೇಶದಲ್ಲಿ ತಮ್ಮ ಆರೋಗ್ಯ ಕೆಡದೆ ಉಳಿದದ್ದಕ್ಕೆ ಈ ನಡಿಗೆಯೇ ಮುಖ್ಯ ಕಾರಣವೆಂದು ಅವರು ಮುಂದೆ ಆತ್ಮಕಥೆಯಲ್ಲಿ ಬರೆದಿದ್ದಾರೆ. ರುಚಿಯ ನೆಲೆ ನಾಲಿಗೆಯಲ್ಲ, ಮನಸ್ಸು ಎಂಬ ಅರಿವು ಅವರಿಗೆ ಮೂಡಿದ್ದೂ ಈ ಅವಧಿಯಲ್ಲಿಯೇ.

ದಕ್ಷಿಣ ಆಫ್ರಿಕಾ: ಮೊದಲ ಪ್ರಯೋಗಗಳು

1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಗಾಂಧಿಯವರು ಕೆಲವೇ ವರ್ಷಗಳಲ್ಲಿ ಯಶಸ್ವಿ ವಕೀಲರಾದರು. ವಕೀಲಿಯ ಜೊತೆಗೆ ಸಾರ್ವಜನಿಕ ಕೆಲಸಗಳ ಹೊರೆಯೂ ಹೆಚ್ಚಿತು. ಜೋಹಾನ್ಸ್‌ಬರ್ಗಿನಲ್ಲಿದ್ದಾಗ ಅವರಿಗೆ ಮಲಬದ್ಧತೆ ಮತ್ತು ಪದೇ ಪದೇ ತಲೆನೋವು ಕಾಣಿಸಿಕೊಂಡವು. ಆಗಾಗ ವಿರೇಚಕ ಔಷಧಿ ತೆಗೆದುಕೊಂಡು ದಿನ ತಳ್ಳುತ್ತಿದ್ದರು. ಔಷಧಿಯ ಈ ಅವಲಂಬನೆಯಿಂದ ಬಿಡುಗಡೆ ಹೇಗೆ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು.

ಆ ಹೊತ್ತಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೆಳಗಿನ ಉಪಾಹಾರವನ್ನು ತ್ಯಜಿಸುವವರ ಸಂಘವೊಂದು ಹುಟ್ಟಿಕೊಂಡ ಸುದ್ದಿಯನ್ನು ಅವರು ಓದಿದರು. ತಾವು ದಿನಕ್ಕೆ ಮೂರು ಹೊತ್ತು ಪುಷ್ಕಳವಾಗಿ ಉಣ್ಣುವುದಲ್ಲದೆ ಮಧ್ಯಾಹ್ನದ ಚಹಾವನ್ನೂ ಸೇವಿಸುತ್ತಿರುವುದು ಅವರ ಗಮನಕ್ಕೆ ಬಂದಿತು. ಬೆಳಗಿನ ಊಟ ಬಿಟ್ಟರು. ಕೆಲವು ದಿನ ಕಷ್ಟವಾದರೂ ತಲೆನೋವು ಪೂರ್ಣವಾಗಿ ಮಾಯವಾಯಿತು. ಮಲಬದ್ಧತೆ ಮಾತ್ರ ಉಳಿದುಕೊಂಡಿತು. ಜರ್ಮನಿಯ ಲೂಯಿ ಕೂನೆಯ ಪದ್ಧತಿಯಂತೆ ಕಟಿಸ್ನಾನ ಮಾಡಿದಾಗ ಸ್ವಲ್ಪ ಉಪಶಮನ ದೊರೆಯಿತು. ಬಳಿಕ ಅದೇ ದೇಶದ ಅಡಾಲ್ಫ್ ಜುಸ್ಟ್ ನಿಸರ್ಗಕ್ಕೆ ಮರಳುವ ವಿಷಯವಾಗಿ ಬರೆದ ಪುಸ್ತಕ ಅವರ ಕೈಗೆ ಬಂದಿತು. ಅದರಲ್ಲಿ ಹೇಳಿದಂತೆ ಶುದ್ಧವಾದ ಮಣ್ಣನ್ನು ತಣ್ಣೀರಿನಲ್ಲಿ ಕಲಸಿ, ತೆಳುಬಟ್ಟೆಯ ಮೇಲೆ ಹರಡಿ, ಮಲಗುವಾಗ ಹೊಟ್ಟೆಯ ಮೇಲೆ ಕಟ್ಟಿಕೊಂಡರು. ಈ ಉಪಚಾರದಿಂದ ತಮ್ಮ ತೊಂದರೆ ನಿವಾರಣೆಯಾಯಿತೆಂದು ಅವರು ದಾಖಲಿಸಿದ್ದಾರೆ. ಮಣ್ಣಿನ ಪಟ್ಟಿಯ ಮೇಲಿನ ಅವರ ನಂಬಿಕೆ ಅಲ್ಲಿಂದ ದೃಢವಾಯಿತು.

1902ರಲ್ಲಿ ಕುಟುಂಬವು ಮುಂಬಯಿಯಲ್ಲಿದ್ದಾಗ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತ ಜ್ವರ ಬಂದಿತು. ವೈದ್ಯರು ಮೊಟ್ಟೆ ಮತ್ತು ಕೋಳಿಯ ಸಾರನ್ನು ಸೂಚಿಸಿದರು. ಗಾಂಧಿಯವರು ಅದಕ್ಕೆ ಒಪ್ಪದೆ, ಮಗನನ್ನೂ ಕೇಳಿ, ಜಲ ಚಿಕಿತ್ಸೆಯನ್ನು ಆರಂಭಿಸಿದರು. ಜ್ವರ 104 ಡಿಗ್ರಿಗೆ ಏರಿದ ರಾತ್ರಿ ತಮ್ಮ ಹಟದಿಂದ ಮಗನ ಜೀವಕ್ಕೆ ಕುತ್ತು ಬಂದೀತೆಂಬ ಭಯ ಅವರನ್ನು ಆವರಿಸಿತು. ಒದ್ದೆ ಬಟ್ಟೆಯಲ್ಲಿ ಹುಡುಗನ ಮೈಯನ್ನು ಸುತ್ತಿ, ಮೇಲೆ ಕಂಬಳಿ ಹೊದಿಸಿದರು. ಬೆವರು ಸುರಿದು ಜ್ವರ ಇಳಿಯತೊಡಗಿತು. ಮಗ ಬದುಕಿದ್ದು ದೈವಕೃಪೆಯಿಂದಲೋ ನೀರಿನ ಉಪಚಾರದಿಂದಲೋ ಪಥ್ಯ ಮತ್ತು ಶುಶ್ರೂಷೆಯಿಂದಲೋ ಎಂಬುದನ್ನು ಅವರು ನಿರ್ಣಯಿಸಲು ಹೋಗಲಿಲ್ಲ.

1904ರಲ್ಲಿ ಡರ್ಬನ್ ಸಮೀಪ ಫೀನಿಕ್ಸ್ ನೆಲೆಯನ್ನೂ 1910ರಲ್ಲಿ ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿ ಟಾಲ್‌ಸ್ಟಾಯ್ ಫಾರ್ಮನ್ನೂ ಗಾಂಧಿಯವರು ಸ್ಥಾಪಿಸಿದರು. ಸುಮಾರು 1,100 ಎಕರೆಯ ಈ ಎರಡನೆಯ ತೋಟವನ್ನು ಒದಗಿಸಿದವರು ವಾಸ್ತುಶಿಲ್ಪಿ ಹರ್ಮನ್ ಕಾಲೆನ್‌ಬಾಖ್. ಅಡುಗೆಯಿಂದ ಕಕ್ಕಸು ಶುಚಿಗೊಳಿಸುವವರೆಗೆ ಎಲ್ಲ ಕೆಲಸಗಳನ್ನೂ ನಿವಾಸಿಗಳೇ ಮಾಡುತ್ತಿದ್ದರು. ಸ್ವಂತ ಕೆಲಸಕ್ಕಾಗಿ ನಗರಕ್ಕೆ ಹೋಗುವವರು ಕಾಲ್ನಡಿಗೆಯಲ್ಲೇ ಹೋಗಿಬರುವ ನಿಯಮವಿತ್ತು. ತೋಟದ ದುಡಿಮೆಯಿಂದಾಗಿ ಅಲ್ಲಿ ಕಾಯಿಲೆಗಳು ಅಪರೂಪವಾಗಿದ್ದವು. 1913ರಲ್ಲಿ ಗಾಂಧಿಯವರು ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಆರೋಗ್ಯವನ್ನು ಕುರಿತು ಗುಜರಾತಿಯಲ್ಲಿ ಲೇಖನಮಾಲೆ ಬರೆದರು. ಅದು ಪುಸ್ತಕವಾಗಿ ಅನೇಕ ಭಾಷೆಗಳಿಗೆ ಅನುವಾದಗೊಂಡಿತು.

1918ರ ಅಸ್ವಸ್ಥತೆ

1915ರಲ್ಲಿ ಭಾರತಕ್ಕೆ ಮರಳಿದ ಗಾಂಧಿಯವರು ಚಂಪಾರಣ್, ಅಹಮದಾಬಾದ್ ಮತ್ತು ಖೇಡಾ ಹೋರಾಟಗಳಲ್ಲಿ ಬಿಡುವಿಲ್ಲದೆ ತೊಡಗಿಕೊಂಡರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವ ಪ್ರಚಾರ ಕೈಗೊಂಡಾಗ ಕೆಲವು ದಿನ ಇಪ್ಪತ್ತು ಮೈಲಿಗಳಷ್ಟು ನಡೆಯಬೇಕಾಗುತ್ತಿತ್ತು. ಆಗ ಅವರ ಮುಖ್ಯ ಆಹಾರ ಕಡಲೆಕಾಯಿಯಿಂದ ಮಾಡಿದ ಬೆಣ್ಣೆ ಮತ್ತು ನಿಂಬೆಹಣ್ಣು. ಈ ಆಹಾರ ಅತಿಯಾಗಿ, ಅವರಿಗೆ ಆಮಶಂಕೆ ತಗುಲಿತು. ಒಂದು ಹಬ್ಬದ ದಿನ ಕಸ್ತೂರಬಾ ಮಾಡಿದ ಸಿಹಿಯನ್ನು ಆಸೆಪಟ್ಟು ಉಂಡ ಮೇಲೆ ರೋಗ ಉಲ್ಬಣಿಸಿತು.

ಅವರು ನಡಿಯಾದಿನಲ್ಲಿ ಹಾಸಿಗೆ ಹಿಡಿದರು. ಔಷಧಿಯನ್ನೂ ಚುಚ್ಚುಮದ್ದನ್ನೂ ನಿರಾಕರಿಸಿದರು. ಹಸು ಎಮ್ಮೆಗಳಿಂದ ಬಲವಂತವಾಗಿ ಹಾಲು ಹಿಂಡುವ ಕ್ರೂರ ವಿಧಾನಗಳನ್ನು ತಿಳಿದ ಮೇಲೆ ಹಾಲನ್ನು ಬಿಡುವುದಾಗಿ 1912ರಲ್ಲಿಯೇ ವ್ರತ ಕೈಗೊಂಡಿದ್ದರಿಂದ ಹಾಲನ್ನೂ ಮುಟ್ಟಲಿಲ್ಲ. ದೇಹ ಕೃಶವಾಗುತ್ತ ಹೋಗಿ, ಸಾವು ಸಮೀಪಿಸಿತೆಂದು ಅವರೇ ಭಾವಿಸಿದ ದಿನವೂ ಬಂದಿತು. ಮಂಜುಗಡ್ಡೆಯ ಉಪಚಾರದಿಂದ ಕೊಂಚ ಚೈತನ್ಯ ಮರಳಿತಾದರೂ ಬಲ ಬರಲಿಲ್ಲ. ಕೊನೆಗೆ ವೈದ್ಯರ ಸಲಹೆ ಮತ್ತು ಕಸ್ತೂರಬಾ ಅವರ ಸೂಚನೆಯಂತೆ ಆಡಿನ ಹಾಲು ಕುಡಿಯಲು ಒಪ್ಪಿದರು. ವ್ರತ ಕೈಗೊಂಡಾಗ ಮನಸ್ಸಿನಲ್ಲಿದ್ದುದು ಹಸು ಮತ್ತು ಎಮ್ಮೆಯ ಹಾಲು ಮಾತ್ರವಾದ್ದರಿಂದ ವ್ರತದ ಅಕ್ಷರ ಉಳಿಯಿತು, ಆದರೆ ಅದರ ಆತ್ಮಕ್ಕೆ ಭಂಗವಾಯಿತೆಂಬ ಕೊರಗು ಅವರಲ್ಲಿ ಉಳಿದೇ ಇತ್ತು. ಶಸ್ತ್ರಚಿಕಿತ್ಸೆಯನ್ನು ಸಹ ಮಾಡಿಸಿಕೊಂಡು, 1919ರ ಆರಂಭದಲ್ಲಿ ಅವರು ಚೇತರಿಸಿಕೊಂಡರು. ಕೂಡಲೇ ರೌಲಟ್ ಕಾಯಿದೆಯ ವಿರುದ್ಧದ ಚಳವಳಿಗೆ ಇಳಿದರು.

1924ರ ಜನವರಿ 12ರಂದು ಯೆರವಡಾ ಸೆರೆಯಲ್ಲಿದ್ದ ಗಾಂಧಿಯವರಿಗೆ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆ ನಡೆಯಿತು. ಬ್ರಿಟಿಷ್ ವೈದ್ಯ ಕರ್ನಲ್ ಮ್ಯಾಡಕ್ ಅದನ್ನು ನೆರವೇರಿಸಿದರು. ನಡುವೆ ವಿದ್ಯುತ್ ದೀಪ ಆರಿಹೋಗಿ, ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಸಬೇಕಾಯಿತು. ಫೆಬ್ರವರಿಯಲ್ಲಿ ಸರ್ಕಾರ ಅವರನ್ನು ಬಿಡುಗಡೆ ಮಾಡಿತು. ಮುಂಬಯಿಯ ಜುಹು ಕಡಲ ತೀರದಲ್ಲಿ ಅವರು ವಿಶ್ರಾಂತಿ ಪಡೆದರು.

1927ರ ಕುಸಿತ ಮತ್ತು ನಂದಿ ಬೆಟ್ಟ

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧಿಯವರು ಮುಂದಿನ ವರ್ಷವೆಲ್ಲ ದೇಶ ಸುತ್ತಿದರು. 1926ರ ಬಹುಭಾಗವನ್ನು ಸಾಬರಮತಿಯಲ್ಲಿ ಕಳೆದು, 1927ರ ಆರಂಭದಲ್ಲಿ ಖಾದಿ ಪ್ರಚಾರಕ್ಕಾಗಿ ಮತ್ತೆ ಹೊರಟರು. ಬಿಹಾರ ಮತ್ತು ಮಹಾರಾಷ್ಟ್ರಗಳಲ್ಲಿ ದಿನಕ್ಕೆ ಹಲವು ಸಭೆಗಳು, ರಾತ್ರಿಯೂ ಬಿಡದ ಜನಸಂದಣಿ, ರೈಲು ಮತ್ತು ಮೋಟಾರಿನ ಪ್ರಯಾಣ, ಇವುಗಳ ನಡುವೆ ಪತ್ರಿಕೆಗಳ ಬರವಣಿಗೆ ಮತ್ತು ಪತ್ರ ವ್ಯವಹಾರ ನಡೆದೇ ಇದ್ದವು. ಮಾರ್ಚ್ ತಿಂಗಳ ಕೊನೆಯಲ್ಲಿ ಕೊಲ್ಹಾಪುರದ ಕಾರ್ಯಕ್ರಮಗಳ ಹೊತ್ತಿಗೆ ಅವರ ದೇಹ ಸೋತುಹೋಯಿತು. ನಿಪ್ಪಾಣಿಯಲ್ಲಿ ಹಾಸಿಗೆ ಹಿಡಿಯಬೇಕಾಯಿತು. ಪರೀಕ್ಷಿಸಿದ ವೈದ್ಯರು ರಕ್ತದೊತ್ತಡ ಏರಿರುವುದನ್ನು ಕಂಡು, ಇದು ಅತಿಶ್ರಮದ ಫಲವೆಂದು ತಿಳಿಸಿ, ಪ್ರವಾಸವನ್ನು ನಿಲ್ಲಿಸುವಂತೆ ಸೂಚಿಸಿದರು. ಕರ್ನಾಟಕದಲ್ಲಿ ಗೊತ್ತುಪಡಿಸಿದ್ದ ಸಭೆಗಳು ಮುಂದೂಡಲ್ಪಟ್ಟವು.

ಕೆಲವು ದಿನ ಸಾವಂತವಾಡಿ ಸೀಮೆಯ ಆಂಬೋಲಿಯಲ್ಲಿದ್ದು, ಏಪ್ರಿಲ್ ಮೂರನೆಯ ವಾರದಲ್ಲಿ ಗಾಂಧಿಯವರು ಮೈಸೂರು ಸಂಸ್ಥಾನದ ನಂದಿ ಬೆಟ್ಟಕ್ಕೆ ಬಂದರು. ಸಮುದ್ರ ಮಟ್ಟದಿಂದ ಸುಮಾರು 1,478 ಮೀಟರ್ ಎತ್ತರದ ಈ ಗಿರಿಧಾಮ ಬೇಸಿಗೆಯಲ್ಲೂ ತಂಪಾಗಿರುತ್ತದೆ. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ದರು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಅಲ್ಲಿ ಸಭೆಗಳಿರಲಿಲ್ಲ, ಜನಜಂಗುಳಿಯಿರಲಿಲ್ಲ. ತಂಗಾಳಿ, ನಿದ್ದೆ, ಹಣ್ಣು ಹಾಲಿನ ಮಿತಾಹಾರ ಮತ್ತು ಪ್ರಾರ್ಥನೆಗಳ ನಡುವೆ ಸುಮಾರು ಆರು ವಾರಗಳು ಕಳೆದವು. ಬರವಣಿಗೆಯನ್ನು ಅವರು ಪೂರ್ತಿ ಬಿಡಲಿಲ್ಲವಾದರೂ ಕಡಿಮೆ ಮಾಡಿದರು. ಕೆಲಸದಿಂದ ದೂರವಿರುವುದು ಅವರಿಗೆ ಸುಲಭದ ಸಂಗತಿಯಾಗಿರಲಿಲ್ಲ. ದೇಹ ತಮ್ಮ ಸ್ವತ್ತಲ್ಲ, ಸೇವೆಗಾಗಿ ವಹಿಸಿಕೊಟ್ಟ ನಿಧಿ, ಅದನ್ನು ಕಾಪಾಡುವುದೂ ಕರ್ತವ್ಯವೇ ಎಂಬ ವಿಚಾರದಿಂದ ಅವರು ಈ ವಿಶ್ರಾಂತಿಗೆ ಒಪ್ಪಿಕೊಂಡರು.

ಜೂನ್ ಮೊದಲ ವಾರ ಅವರು ಬೆಂಗಳೂರಿಗೆ ಇಳಿದು ಬಂದು, ಕುಮಾರ ಪಾರ್ಕಿನಲ್ಲಿ ತಂಗಿದರು. ಪೂರ್ಣ ಗುಣವಾಗುವವರೆಗೆ ದೊಡ್ಡ ಪ್ರವಾಸಗಳನ್ನು ಕೈಗೊಳ್ಳಲಿಲ್ಲ. ಈ ಅವಧಿಯಲ್ಲಿ ನಗರದ ಸರ್ಕಾರಿ ಹೈನು ಕೇಂದ್ರಕ್ಕೆ ಹೋಗಿ ಗೋಪಾಲನೆಯ ವಿಷಯ ತಿಳಿದುಕೊಂಡರು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮೈಸೂರು ಸಂಸ್ಥಾನದ ಊರುಗಳಲ್ಲಿ ಸಂಚರಿಸಿ ಖಾದಿ ನಿಧಿ ಸಂಗ್ರಹಿಸಿದ ಬಳಿಕ ತಮಿಳು ನಾಡಿನತ್ತ ತೆರಳಿದರು. ಇದಾದ ಮೂರು ವರ್ಷಗಳೊಳಗೆ, 1930ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ, ಅರವತ್ತರ ವಯಸ್ಸಿನಲ್ಲಿ ಅವರು ಸಾಬರಮತಿಯಿಂದ ದಾಂಡಿಯವರೆಗೆ ಸುಮಾರು 241 ಮೈಲಿಗಳನ್ನು 24 ದಿನಗಳಲ್ಲಿ ನಡೆದು ಪೂರೈಸಿದರು.

ಸೇವಾಗ್ರಾಮದ ದಿನಚರಿ

1935ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿದ್ದಾಗ ಗಾಂಧಿಯವರ ರಕ್ತದೊತ್ತಡ ಮತ್ತೆ ಏರಿ, ವೈದ್ಯರು ಸಂಪೂರ್ಣ ವಿಶ್ರಾಂತಿ ವಿಧಿಸಿದರು. 1936ರ ಏಪ್ರಿಲ್ ಕೊನೆಯಲ್ಲಿ ಅವರು ಸೇಗಾಂವ್ ಎಂಬ ಹಳ್ಳಿಗೆ ಹೋದರು. ಅದೇ ಮುಂದೆ ಸೇವಾಗ್ರಾಮವಾಯಿತು. ಮೇ ತಿಂಗಳಲ್ಲಿ ಸರ್ದಾರ್ ವಲ್ಲಭಭಾಯಿ ಪಟೇಲರ ಜೊತೆ ನಂದಿ ಬೆಟ್ಟಕ್ಕೆ ಎರಡನೆಯ ಬಾರಿ ಬಂದು ಕೆಲವು ವಾರ ತಂಗಿದರು.

ಸೇವಾಗ್ರಾಮದಲ್ಲಿ ಅವರ ದಿನ ನಸುಕಿನ ನಾಲ್ಕು ಗಂಟೆಗೆ ಏಳುವುದರೊಂದಿಗೆ ಮತ್ತು ಪ್ರಾರ್ಥನೆಯೊಂದಿಗೆ ಆರಂಭವಾಗುತ್ತಿತ್ತು. ಬೆಳಿಗ್ಗೆ ಮತ್ತು ಸಂಜೆ ನಡಿಗೆ, ಎಣ್ಣೆ ತಿಕ್ಕಿಸಿಕೊಂಡು ಸ್ನಾನ, ಬೇಯಿಸಿದ ತರಕಾರಿ, ಹಸಿ ಸೊಪ್ಪು, ಹಣ್ಣು ಮತ್ತು ಆಡಿನ ಹಾಲಿನ ಊಟ, ಚರಕದಲ್ಲಿ ನೂಲುವುದು, ಇವು ತಪ್ಪುತ್ತಿರಲಿಲ್ಲ. ರಕ್ತದೊತ್ತಡ ಹೆಚ್ಚಿದಾಗ ಹೊಟ್ಟೆ ಮತ್ತು ತಲೆಯ ಮೇಲೆ ಮಣ್ಣಿನ ಪಟ್ಟಿ ಇರಿಸಿಕೊಂಡೇ ಭೇಟಿಗೆ ಬಂದವರೊಡನೆ ಮಾತನಾಡುತ್ತಿದ್ದರು. ಸಾಧ್ಯವಿದ್ದಾಗಲೆಲ್ಲ ಬಯಲಿನಲ್ಲಿ ಆಕಾಶದ ಕೆಳಗೆ ಮಲಗುತ್ತಿದ್ದರು. ಸೋಮವಾರ ಮೌನದ ದಿನ. ಮೊದಲು ದಣಿವಿನಿಂದ ಬಿಡುವು ಪಡೆಯಲೆಂದು ಕೈಗೊಂಡ ಮೌನ ಕ್ರಮೇಣ ಅವರಿಗೆ ಆಧ್ಯಾತ್ಮಿಕ ಸಾಧನೆಯಾಯಿತು.

ಇಷ್ಟೆಲ್ಲ ಶಿಸ್ತಿನ ನಡುವೆಯೂ ರಕ್ತದೊತ್ತಡ ಅವರನ್ನು ಬಿಡಲಿಲ್ಲ. 1940ರ ಫೆಬ್ರವರಿಯಲ್ಲಿ ಅದು 220/110 ಮಟ್ಟದಲ್ಲಿದ್ದುದು ಅವರ ಆರೋಗ್ಯ ದಾಖಲೆಗಳಲ್ಲಿದೆ. ರಾಜಕೀಯ ಬಿಕ್ಕಟ್ಟುಗಳ ಕಾಲದಲ್ಲಿ ಅದು ಏರುತ್ತಿತ್ತು, ಮನಸ್ಸು ತಿಳಿಯಾದಾಗ ಇಳಿಯುತ್ತಿತ್ತು.

ಆಗಾ ಖಾನ್ ಅರಮನೆ ಮತ್ತು ಆರೋಗ್ಯದ ಬರಹ

1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ವೇಳೆ ಗಾಂಧಿಯವರನ್ನು ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧನದಲ್ಲಿಡಲಾಯಿತು. ಒಂದು ವಾರ ಕಳೆಯುವುದರೊಳಗೆ, ಆಗಸ್ಟ್ 15ರಂದು, ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ತೀರಿಕೊಂಡರು. ಆ ದುಃಖದ ನಡುವೆಯೇ ಗಾಂಧಿಯವರು ಆರೋಗ್ಯವನ್ನು ಕುರಿತ ತಮ್ಮ ವಿಚಾರಗಳನ್ನು ಹೊಸದಾಗಿ ಬರೆಯಲು ಕುಳಿತು, ಡಿಸೆಂಬರಿನಲ್ಲಿ ಮುಗಿಸಿದರು. ಇದು ಆರೋಗ್ಯದ ಕೀಲಿಕೈ ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾಯಿತು. ಮೊದಲ ಭಾಗದಲ್ಲಿ ಶರೀರ, ಗಾಳಿ, ನೀರು, ಆಹಾರ, ಮಸಾಲೆ, ಚಹಾ ಕಾಫಿ, ಮಾದಕ ವಸ್ತುಗಳು, ತಂಬಾಕು ಮತ್ತು ಬ್ರಹ್ಮಚರ್ಯದ ವಿಚಾರಗಳಿವೆ. ಎರಡನೆಯ ಭಾಗ ಮಣ್ಣು, ನೀರು, ಆಕಾಶ, ಬಿಸಿಲು ಮತ್ತು ಗಾಳಿಯ ಉಪಚಾರಗಳಿಗೆ ಮೀಸಲಾಗಿದೆ.

1943ರಲ್ಲಿ 21 ದಿನಗಳ ಉಪವಾಸ, 1944ರ ಫೆಬ್ರವರಿ 22ರಂದು ಕಸ್ತೂರಬಾ ಅವರ ಮರಣ, ಆ ಬಳಿಕ ಮಲೇರಿಯಾ, ಇವುಗಳಿಂದ ಗಾಂಧಿಯವರ ದೇಹ ಜರ್ಜರಿತವಾಯಿತು. ಮೇ 6ರಂದು ಸರ್ಕಾರ ಅವರನ್ನು ಬಿಡುಗಡೆ ಮಾಡಿತು. ಜುಹುವಿನಲ್ಲಿ ಮೌನ ಮತ್ತು ವಿಶ್ರಾಂತಿಯಿಂದ ಅವರು ಮತ್ತೆ ಚೇತರಿಸಿಕೊಂಡರು.

ಉರುಳಿ ಕಾಂಚನ್

ಪುಣೆಯಲ್ಲಿ ಡಾ. ದಿನಶಾ ಮೆಹತಾ ನಡೆಸುತ್ತಿದ್ದ ಪ್ರಕೃತಿ ಚಿಕಿತ್ಸಾಲಯದಲ್ಲಿ ಗಾಂಧಿಯವರು ಹಲವು ಬಾರಿ ಉಳಿದು ಚಿಕಿತ್ಸೆ ಪಡೆದರು. 1945ರ ನವೆಂಬರ್ 18ರಂದು ಅಖಿಲ ಭಾರತ ಪ್ರಕೃತಿ ಚಿಕಿತ್ಸಾ ಪ್ರತಿಷ್ಠಾನವೊಂದು ರೂಪುಗೊಂಡು, ಗಾಂಧಿಯವರು ಅದರ ಅಧ್ಯಕ್ಷರಾದರು. ಸ್ಥಿತಿವಂತರಿಗೆ ಮಾತ್ರ ದೊರೆಯುತ್ತಿದ್ದ ಈ ಚಿಕಿತ್ಸೆ ಬಡವರಿಗೂ ಎಟುಕಬೇಕೆಂಬುದು ಅವರ ಆಶಯವಾಗಿತ್ತು. ನಗರದ ಕಟ್ಟಡ ಮತ್ತು ಉಪಕರಣಗಳಿಂದ ಅದು ಸಾಧ್ಯವಾಗದೆಂದು ಮನಗಂಡು, 1946ರ ಮಾರ್ಚಿನಲ್ಲಿ ಪುಣೆಯ ಸಮೀಪದ ಉರುಳಿ ಕಾಂಚನ್ ಎಂಬ ಹಳ್ಳಿಗೆ ಹೋದರು. ಅಲ್ಲಿ ತಾವೇ ರೋಗಿಗಳನ್ನು ನೋಡಿ, ಕಟಿಸ್ನಾನ, ಬಿಸಿಲು ಸ್ನಾನ, ಹಣ್ಣಿನ ರಸ ಮತ್ತು ರಾಮನಾಮವನ್ನು ಸೂಚಿಸಿದರು. ಕೆಲವೇ ದಿನಗಳಲ್ಲಿ ರಾಜಕೀಯ ಮಾತುಕತೆಗಳ ಕರೆ ಬಂದು ದೆಹಲಿಗೆ ತೆರಳಬೇಕಾಯಿತು. ಆಶ್ರಮದ ಹೊಣೆಯನ್ನು ಯುವಕ ಮಣಿಭಾಯಿ ದೇಸಾಯಿಯವರು ಹೊತ್ತರು. ನೌಖಾಲಿ, ಕಲ್ಕತ್ತಾ ಮತ್ತು ದೆಹಲಿಯ ಹಿಂಸೆಯ ದಿನಗಳು ಎದುರಾದ್ದರಿಂದ ಗಾಂಧಿಯವರಿಗೆ ಅಲ್ಲಿ ಮತ್ತೆ ನೆಲೆಸಲು ಅವಕಾಶವೇ ಸಿಗಲಿಲ್ಲ.

ಮಿತಿಗಳು ಮತ್ತು ಟೀಕೆ

ಗಾಂಧಿಯವರ ಆರೋಗ್ಯ ವಿಚಾರಗಳು ವಿವಾದಕ್ಕೆ ಹೊರತಾಗಿರಲಿಲ್ಲ. ಕಸ್ತೂರಬಾ ಅವರ ಕೊನೆಯ ದಿನಗಳಲ್ಲಿ ಮಗ ದೇವದಾಸ ಪೆನಿಸಿಲಿನ್ ತರಿಸಿದಾಗ, ಸಾವಿನ ಅಂಚಿನಲ್ಲಿದ್ದ ಪತ್ನಿಗೆ ಚುಚ್ಚುಮದ್ದಿನ ನೋವು ಕೊಡುವುದನ್ನು ಗಾಂಧಿಯವರು ವಿರೋಧಿಸಿದರು. ತಾವು ಶಸ್ತ್ರಚಿಕಿತ್ಸೆಗೆ ಒಪ್ಪಿದ್ದ ಹಿನ್ನೆಲೆಯಲ್ಲಿ ಈ ನಿಲುವು ಮುಂದೆ ಟೀಕೆಗೆ ಗುರಿಯಾಯಿತು. ಅವರ ಆಹಾರ ಪ್ರಯೋಗಗಳಲ್ಲಿ ಕೆಲವು, 1918ರಲ್ಲಿ ಆದಂತೆ, ಹಾನಿಯನ್ನೂ ಉಂಟುಮಾಡಿದವು. ಫಲಿತಾಂಶ ವಿರುದ್ಧವಾದಾಗ ಅವರು ಅದನ್ನು ಮುಚ್ಚಿಡಲಿಲ್ಲ. ಹಾಲಿಲ್ಲದೆ ದೇಹ ಬಲಗೊಳ್ಳಲಿಲ್ಲವೆಂಬುದನ್ನು ಒಪ್ಪಿಕೊಂಡು, ಹಾಲನ್ನು ಬಿಟ್ಟವರು ಅದರಿಂದ ಲಾಭ ಕಾಣದಿದ್ದರೆ ಆ ಪ್ರಯೋಗದಲ್ಲಿ ಹಟ ಹಿಡಿಯಬಾರದೆಂದು ಆತ್ಮಕಥೆಯಲ್ಲಿ ಓದುಗರನ್ನು ಎಚ್ಚರಿಸಿದರು.

ಸ್ಮರಣೆ

ಉರುಳಿ ಕಾಂಚನ್ ಆಶ್ರಮ ಇಂದಿಗೂ ಕಾರ್ಯನಿರತವಾಗಿದೆ. ಗಾಂಧಿಯವರು ತಂಗಿದ್ದ ಪುಣೆಯ ಚಿಕಿತ್ಸಾಲಯದ ಆವರಣ ಬಾಪು ಭವನವೆಂಬ ಹೆಸರು ಪಡೆದು, 1986ರಿಂದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಗೆ ನೆಲೆಯಾಯಿತು. 2018ರಿಂದ ನವೆಂಬರ್ 18ನ್ನು ಭಾರತ ಸರ್ಕಾರ ಪ್ರಕೃತಿ ಚಿಕಿತ್ಸಾ ದಿನವನ್ನಾಗಿ ಆಚರಿಸುತ್ತಿದೆ. ಕರ್ನಾಟಕದಲ್ಲಿ 1989ರಲ್ಲಿ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನಗಳ ಪದವಿ ಕಾಲೇಜು ಆರಂಭವಾಯಿತು. ನಂದಿ ಬೆಟ್ಟದ ಮೇಲಿನ ಗಾಂಧಿ ನಿಲಯವೆಂಬ ಕಟ್ಟಡ ಅವರ ವಾಸ್ತವ್ಯದ ನೆನಪನ್ನು ಉಳಿಸಿಕೊಂಡಿದೆ.